ದೀಪದಕ್ಕನ ಹದಿನಾಲ್ಕು ಶಾಲು

ನಮ್ಮ ಊರಿನ ಪ್ರಾರ್ಥನೆಯ ಮನೆಯಲ್ಲಿ ಸಂಬಳದ ಆಳು ಯಾರೂ ಇರಲಿಲ್ಲ. ಇದ್ದವರೆಲ್ಲ ಶಾಲಿನವರು.

ಕೆಲಸಕ್ಕೊಂದು ಶಾಲು, ಶಾಲಿಗೊಂದು ಬಣ್ಣ. ನೆಲ ಗುಡಿಸುವುದಕ್ಕೆ ಮಣ್ಣಿನ ಬಣ್ಣದ್ದು, ರೋಗಿಗಳನ್ನು ನೋಡಿ ಬರುವುದಕ್ಕೆ ಹಸಿರು, ಸತ್ತವರ ಮೈ ತೊಳೆಯುವುದಕ್ಕೆ ಬಿಳಿ. ಕೆಲಸ ಒಪ್ಪಿಕೊಂಡವರ ಹೆಗಲಿಗೆ ಆ ಶಾಲು ಏರುತ್ತಿತ್ತು. ಏರಿದ ಶಾಲು ಉಸಿರಿರುವ ತನಕ ಇಳಿಯುತ್ತಿರಲಿಲ್ಲ. ಉಣ್ಣುವಾಗಲೂ ಹೊದ್ದಿರಬೇಕು, ಮಲಗುವಾಗಲೂ ಹೊದ್ದಿರಬೇಕು. ಸ್ನಾನಕ್ಕೆ ಹೇಗೆ ಎಂದು ನನ್ನನ್ನು ಕೇಳಬೇಡಿ. ನಮ್ಮೂರಿನಲ್ಲಿ ಅದನ್ನು ಯಾರೂ ಯಾರನ್ನೂ ಕೇಳಿದ್ದಿಲ್ಲ. ದೇವರು ಹೊದಿಸಿದ್ದನ್ನು ಮನುಷ್ಯ ತೆಗೆಯಬಾರದು, ಅಷ್ಟೇ. ಸತ್ತ ಮೇಲೆ ಒಂದೊಂದಾಗಿ ಬಿಚ್ಚಿ, ಒಗೆದು, ಮಡಚಿ, ಪೆಟ್ಟಿಗೆಗೆ ಹಾಕುತ್ತಿದ್ದೆವು.

ಹಾಕುತ್ತಿದ್ದವನು ನಾನು. ಆ ಮನೆಯಲ್ಲಿ ಶಾಲು ಹೊದಿಸುವವನು ನಾನೇ. ಜನ ನನ್ನನ್ನು ಶಾಲಣ್ಣ ಎನ್ನುತ್ತಿದ್ದರು. ನನ್ನ ಹೆಗಲ ಮೇಲಿದ್ದುದು ಒಂದೇ ಶಾಲು, ಬೂದು ಬಣ್ಣದ್ದು, ಹೊದಿಸುವ ಕೆಲಸದ್ದು. ಅದನ್ನು ಹೊದ್ದ ಮೇಲೆ ಇನ್ನೊಂದು ಬೇಕೆಂದು ನಾನು ಬಾಯಿ ತೆರೆದವನಲ್ಲ. ಇಷ್ಟು ಹೇಳಿದರೆ ನಾನು ಎಂಥವನೆಂದು ನಿಮಗೆ ಗೊತ್ತಾಗಿರಬೇಕು.

ಹೊದಿಸುವ ಕ್ರಮ ಹೀಗಿತ್ತು. ವಾರಕ್ಕೊಮ್ಮೆ ಸಭೆ ಸೇರುತ್ತಿತ್ತು. ಹಾಡು ಮುಗಿದ ಮೇಲೆ ನಾನು ಪೆಟ್ಟಿಗೆಯಿಂದ ಒಂದು ಶಾಲು ತೆಗೆದು, ಎರಡೂ ಕೈಯಲ್ಲಿ ಬಿಡಿಸಿ ಹಿಡಿದು, ಕೆಲಸದ ಹೆಸರು ಹೇಳಿ ಮೂರು ಸಲ ಕೂಗುತ್ತಿದ್ದೆ. ಯಾರಿದ್ದೀರಿ? ಯಾರಿದ್ದೀರಿ? ಯಾರಿದ್ದೀರಿ? ಆಮೇಲೆ ಮೌನ. ಆ ಮೌನದಲ್ಲಿ ಗಂಡಸರು ತಮ್ಮ ಕಾಲ್ಬೆರಳು ನೋಡಿಕೊಳ್ಳುತ್ತಿದ್ದರು, ಹೆಂಗಸರು ಮಡಿಲ ಕೂಸಿನ ಕುಲಾವಿ ಸರಿಮಾಡುತ್ತಿದ್ದರು. ಯಾರೋ ಒಬ್ಬರು ಆ ಮೌನವನ್ನು ತಡೆಯಲಾಗದೆ "ನಾನಿದ್ದೇನೆ" ಎನ್ನುತ್ತಿದ್ದರು. ಎಂದವರ ಹೆಗಲಿಗೆ ಶಾಲು. ಹಾಗೆ ಎನ್ನುವುದೇ ದೇವರ ಕರೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾವೂ ನಂಬಿದ್ದೆವು.

ಆ ಯಾರೋ ಒಬ್ಬರು ಯಾವಾಗಲೂ ದೀಪದಕ್ಕನೇ ಆಗಿರುತ್ತಿದ್ದಳು.

ಅವಳು ನನಗಿಂತ ಚಿಕ್ಕವಳು, ಆದರೂ ಊರಿಗೆಲ್ಲ ಅಕ್ಕ. ಮೊದಲು ಅವಳು ಹೊದ್ದದ್ದು ದೀಪದ ಕೆಲಸದ ಹಳದಿ ಶಾಲು. ಆ ದಿನ ನಾನು ಮೂರನೇ ಸಲ ಕೂಗುವುದಕ್ಕೂ ಬಿಡದೆ, ಒಂದನೇ ಕೂಗಿಗೇ ಎದ್ದು ನಿಂತಿದ್ದಳು. ದೀಪದ ಗಾಜನ್ನು ಬೂದಿ ಹಾಕಿ ಉಜ್ಜುತ್ತಾ ಅವಳು ಹಾಡುತ್ತಿದ್ದುದನ್ನು ಕೇಳಲೆಂದೇ ಕೆಲವರು ಸಭೆಗೆ ಬೇಗ ಬರುತ್ತಿದ್ದರು. ಆಮೇಲೆ ಗುಡಿಸುವವನು ತೀರಿಕೊಂಡ. ನಾನು ಮಣ್ಣಿನ ಬಣ್ಣದ ಶಾಲು ಬಿಡಿಸಿ ಕೂಗಿದೆ. ಮೌನ. ಆ ಮೌನ ಉದ್ದವಾದಂತೆ ಅವಳ ಮುಖ ಬಾಡಿತು. ದೇವರ ಮನೆಯಲ್ಲಿ ದೇವರಿಗೇ ಉತ್ತರ ಸಿಗದಿರುವುದನ್ನು ಅವಳಿಂದ ನೋಡಲಾಗಲಿಲ್ಲ. "ನಾನಿದ್ದೇನೆ" ಎಂದಳು. ಸಭೆಯೆಲ್ಲ ಉಸಿರು ಬಿಟ್ಟಿತು. ಆ ಉಸಿರಿನಲ್ಲಿದ್ದ ನೆಮ್ಮದಿ ನನಗೆ ಇವತ್ತಿಗೂ ನೆನಪಿದೆ, ಅದರಲ್ಲಿ ನನ್ನ ಪಾಲೂ ಇತ್ತು.

ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು. ಮೂರನೆಯದು, ನಾಲ್ಕನೆಯದು, ಏಳನೆಯದು. ಹಸಿರು ಬಂತು, ಬಿಳಿ ಬಂತು, ಜಗಳ ಬಿಡಿಸುವ ನೀಲಿ ಬಂತು, ಹಬ್ಬದ ಅಡುಗೆಯ ಕೆಂಪು ಬಂತು. ಜನ ಕೂಗಿಗೆ ಮೊದಲೇ ಅವಳ ಕಡೆ ತಿರುಗುವುದನ್ನು ಕಲಿತರು. ನಾನಂತೂ ಅವರಿಗಿಂತ ಜಾಣ. ಹೇಗೂ ಅಲ್ಲಿಗೇ ಹೋಗಬೇಕಲ್ಲ ಎಂದು, ಕೂಗುವ ಮುಂಚೆಯೇ ಅವಳ ಬೆಂಚಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ನಮ್ಮ ಪ್ರಾರ್ಥನೆಯ ಮನೆಯ ಗೋಡೆ ಕಲ್ಲಿನದು. ಯಾವ ಕಾಲದಲ್ಲೂ ಒಳಗೆ ಚಳಿ. ಹಿಂದಿನ ಬೆಂಚುಗಳಲ್ಲಿ ಶಾಲಿಲ್ಲದವರು ಕೈ ಕಟ್ಟಿಕೊಂಡು ನಡುಗುತ್ತಾ ಕೂರುತ್ತಿದ್ದರು. ಮುಂದಿನ ಬೆಂಚಿನಲ್ಲಿ ದೀಪದಕ್ಕ ಬೆವರುತ್ತಿದ್ದಳು. ಒಂದೇ ಸೂರು, ಒಂದೇ ಹಾಡು. ಒಂದು ಕಡೆ ಹಲ್ಲು ಕಟಕಟ ಅನ್ನುತ್ತಿತ್ತು, ಇನ್ನೊಂದು ಕಡೆ ಬೆವರು ತೊಟ್ಟಿಕ್ಕುತ್ತಿತ್ತು. ನಮಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಚಳಿಯವರಿಗೆ ಭಕ್ತಿ ಕಡಿಮೆ, ಬೆವರುವವಳಿಗೆ ಹೆಚ್ಚು ಎಂದುಕೊಂಡಿದ್ದೆವು.

ಹದಿನಾಲ್ಕನೆಯ ಶಾಲು ಹೊದಿಸಿದ ದಿನ ಅವಳ ಕತ್ತು ಕಾಣದಾಯಿತು. ನಡೆದರೆ ಬಟ್ಟೆಯ ಗಂಟೊಂದು ನಡೆದಂತೆ ಕಾಣುತ್ತಿದ್ದಳು. ದೀಪಗಳನ್ನು ಈಗಲೂ ಹಚ್ಚುತ್ತಿದ್ದಳು, ಆದರೆ ಗಾಜು ಉಜ್ಜಲು ಪುರುಸೊತ್ತಿಲ್ಲದೆ ಬೆಳಕೆಲ್ಲ ಮಸಿ ಮಸಿ. ಹಾಡು ನಿಂತು ಎಷ್ಟು ವರ್ಷವಾಗಿತ್ತೋ, ಯಾರಿಗೂ ಗೊತ್ತಿರಲಿಲ್ಲ.

ಒಂದು ಬೆಳಗ್ಗೆ ಬಾವಿಕಟ್ಟೆಯ ಹತ್ತಿರ ಸಿಕ್ಕಳು. ಕೊಡ ಕೆಳಗಿಟ್ಟು, ಕಲ್ಲಿಗೆ ಒರಗಿ ನಿಂತಿದ್ದಳು.

"ಶಾಲಣ್ಣಾ, ಒಂದು ಮಾತು ಕೇಳ್ಲಾ? ಬೈಬಾರ್ದು."

"ಕೇಳಮ್ಮ."

"ಒಂದು ಇಳಿಸ್ಕೊಡ್ತೀರಾ? ಒಂದೇ ಒಂದು. ಯಾವ್ದಾದ್ರೂ ಸರಿ."

ಸುತ್ತ ನೋಡಿದೆ, ಯಾರೂ ಇರಲಿಲ್ಲ. "ಏನಮ್ಮಾ ಇದು? ಇಳಿಸೋದು ಅಂದ್ರೆ... ಬದುಕಿರೋವಾಗ?"

"ಉಸಿರಾಡಕ್ಕೆ ಆಗ್ತಿಲ್ಲ ಅಣ್ಣಾ. ಮಲಗಿದ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ. ಹೀಗೇ ಇದ್ರೆ ನೀವೇ ಎಲ್ಲಾನೂ ಒಟ್ಟಿಗೆ ಬಿಚ್ಬೇಕಾಗತ್ತೆ." ಹೇಳಿ ನಗಲು ನೋಡಿದಳು. ನಗುವುದಕ್ಕೂ ಗಾಳಿ ಬೇಕು, ಅದು ಅವಳಲ್ಲಿರಲಿಲ್ಲ.

ನಾನು ಕೊಡವನ್ನು ಅವಳ ಮನೆಯ ತನಕ ಹೊತ್ತುಕೊಟ್ಟೆ. ಅಷ್ಟು ಮಾಡಿದರೆ ಮನಸ್ಸು ಸುಮ್ಮನಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಮನೆಗೆ ಬಂದರೆ ಕೂರಲಾಗಲಿಲ್ಲ, ಪೆಟ್ಟಿಗೆ ತೆರೆದು ಮಡಚಿದ ಶಾಲುಗಳನ್ನು ಬಿಡಿಸಿದೆ, ಬಿಡಿಸಿದ್ದನ್ನು ಮತ್ತೆ ಮಡಚಿದೆ. ವಿಧಿಯ ಪುಸ್ತಕ ತೆಗೆದು ನೋಡಿದೆ. ಹೊದಿಸುವ ಪ್ರಾರ್ಥನೆಗೆ ಒಂದು ಪುಟವಿತ್ತು. ಹೆಣದ ಮೇಲಿಂದ ಬಿಚ್ಚುವ ಪ್ರಾರ್ಥನೆಗೆ ಒಂದು ಪುಟವಿತ್ತು. ನಡುವೆ ಏನೂ ಇರಲಿಲ್ಲ. ಪುಟ ಹರಿದಿರಬಹುದೇ ಎಂದು ದಾರ ಹೊಲಿದ ಜಾಗವನ್ನೂ ಬೆರಳಿನಿಂದ ಮುಟ್ಟಿ ನೋಡಿದೆ. ಹರಿದಿರಲಿಲ್ಲ, ಯಾರೂ ಬರೆದೇ ಇರಲಿಲ್ಲ.

ಪ್ರಾರ್ಥನೆಯ ಮನೆಯನ್ನು ನಡೆಸುವ ಪಾಲಕರ ಬಳಿ ಹೋದೆ. ಅವರು ಹಿರಿಯರನ್ನು ಕರೆಸಿದರು. ನಮ್ಮ ಪಾಲಕರು ಕೆಟ್ಟವರಲ್ಲ. ಅದೇ ಕಷ್ಟ ನೋಡಿ, ಕೆಟ್ಟವರಾಗಿದ್ದರೆ ಜಗಳವಾಡಿ ಎದ್ದು ಬರಬಹುದಿತ್ತು.

"ಅಯ್ಯನವರೇ, ದೀಪದಕ್ಕನಿಗೆ ಭಾರ ಆಗಿದೆ. ಒಂದು ಇಳಿಸಿ ಅಂತ ಕೇಳಿದ್ಲು," ಎಂದೆ.

ಎಲ್ಲರೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ದೊಡ್ಡ ಹಿರಿಯರು ಗಂಟಲು ಸರಿಮಾಡಿಕೊಂಡು, "ಭಾರ ಇದೆ ಅಂದ್ರೂ ಹೌದು, ಇಲ್ಲ ಅಂದ್ರೂ ಹೌದು. ಹೊರುವವನು ದೇವರಾದರೆ ಭಾರ ಎಲ್ಲಿಂದ ಬಂತು? ಆದರೂ ಅವಳು ಹೇಳ್ತಾಳೆ ಅಂದ್ರೆ ಸುಳ್ಳು ಅನ್ನೋಕಾಗಲ್ಲ," ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

"ನಾವೆಲ್ಲ ಒಂದೇ ಮನೆಯವರು," ಎಂದರು ಇನ್ನೊಬ್ಬರು. "ಮನೆಯಲ್ಲಿ ತಾಯಿ ಕೆಲಸ ಇಳಿಸಿ ಅಂತಾಳಾ?"

ಪಾಲಕರ ಕಣ್ಣಲ್ಲಿ ನೀರು ತುಂಬಿತ್ತು. ಕೊನೆಗೆ, "ತಪ್ಪು ನಮ್ಮದು," ಎಂದರು.

ನನ್ನ ಜೀವಕ್ಕೆ ತಂಪಾಯಿತು.

"ತಪ್ಪು ನಮ್ಮದು. ಆ ತಾಯಿ ಇಷ್ಟು ವರ್ಷ ದುಡಿದಿದ್ದಾಳೆ, ನಾವು ಒಂದು ಸಲವಾದರೂ ಕೃತಜ್ಞತೆ ಹೇಳಿದ್ದೀವಾ? ಅದಕ್ಕೇ ಅವಳ ಮನಸ್ಸು ಸೋತಿದೆ. ಬರುವ ಸಭೆಯಲ್ಲಿ ಅವಳಿಗೆ ದೊಡ್ಡ ಸನ್ಮಾನ ಮಾಡೋಣ. ಶಾಲಣ್ಣಾ, ಪೆಟ್ಟಿಗೆಯ ತಳದಲ್ಲಿ ಆ ಜರಿಯಂಚಿನ ದೊಡ್ಡ ಶಾಲು ಇದೆಯಲ್ಲ, ಇದುವರೆಗೆ ಯಾರಿಗೂ ಹೊದಿಸದ್ದು. ಅದನ್ನು ತೆಗೆದಿಡು."

ಹಿರಿಯರೆಲ್ಲ ಕಣ್ಣೊರೆಸಿಕೊಂಡರು. ಅಪ್ಪಟ ಕಣ್ಣೀರು, ನಾಟಕವಲ್ಲ. ಅಷ್ಟು ಪ್ರೀತಿಯ ಎದುರು ಏನೆಂದು ಹೇಳುವುದು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾವು ಎತ್ತಿಗೇ ಬರೆ ಹಾಕಲು ಹೊರಟಿದ್ದೆವು, ಅದೂ ಜರಿಯಂಚಿನ ಬರೆ.

ಆ ದೊಡ್ಡ ಶಾಲನ್ನು ಪೆಟ್ಟಿಗೆಯಿಂದ ಎತ್ತಲು ನನಗೆ ಎರಡು ಕೈಯೂ ಸಾಲಲಿಲ್ಲ, ಮೊಣಕಾಲು ಕೊಟ್ಟು ಎತ್ತಬೇಕಾಯಿತು. ಇದು ಅವಳ ಮೇಲೆ ಬಿದ್ದರೆ ಅವಳು ಉಳಿಯುವುದಿಲ್ಲ ಎಂದು ನನ್ನ ಮೊಣಕಾಲಿಗೇ ಗೊತ್ತಾಯಿತು. ಆ ವಾರವಿಡೀ ಊರಿನ ಬೀದಿಗಳಲ್ಲಿ ಹುಚ್ಚನ ಹಾಗೆ ತಿರುಗಿದೆ. ಯಾರಾದರೂ "ಏನಣ್ಣಾ?" ಎಂದರೆ "ಏನಿಲ್ಲ" ಎನ್ನುತ್ತಿದ್ದೆ.

ಸಭೆಯ ದಿನ ಬಂತು. ದೀಪದಕ್ಕನನ್ನು ಮುಂದೆ ಕರೆದು ನಿಲ್ಲಿಸಿದರು. ಕುರ್ಚಿ ಕೊಡಲಿಲ್ಲ, ಸನ್ಮಾನ ನಿಂತುಕೊಂಡೇ ತೆಗೆದುಕೊಳ್ಳುವುದು ವಾಡಿಕೆ. ಒಬ್ಬೊಬ್ಬರೇ ಎದ್ದು ಅವಳನ್ನು ಹೊಗಳಿದರು. ನಮ್ಮ ಅಮ್ಮನ ಹೆಣ ತೊಳೆದಳು. ನಮ್ಮ ಮಕ್ಕಳಿಗೆ ಕೀರ್ತನೆ ಕಲಿಸಿದಳು. ಒಂದು ದಿನವೂ ಇಲ್ಲ ಎಂದವಳಲ್ಲ. ಒಂದು ದಿನವೂ ಇಲ್ಲ ಎಂದವಳಲ್ಲ. ಪ್ರತಿಯೊಬ್ಬರೂ ಈ ಕೊನೆಯ ಮಾತನ್ನು ಹೇಳಿಯೇ ಕೂತರು. ಬಟ್ಟೆಯ ರಾಶಿಯ ಮೇಲೆ ಅವಳ ಸಣ್ಣ ಮುಖ ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ಅದುರುತ್ತಿತ್ತು.

ನಾನು ಜರಿಯಂಚಿನ ಶಾಲು ಹೊತ್ತು ಅವಳ ಹಿಂದೆ ಹೋಗಿ ನಿಂತೆ. ಅವಳು ತಿರುಗದೆ ಮೆಲ್ಲಗೆ ಹೇಳಿದಳು:

"ಬೇಗ ಹೊದಿಸ್ಬಿಡಿ ಅಣ್ಣಾ. ನಿಲ್ಲಕ್ಕಾಗ್ತಿಲ್ಲ."

ದೊಡ್ಡ ಶಾಲು ನನ್ನ ಕೈಜಾರಿ ಧೊಪ್ಪೆಂದು ನೆಲಕ್ಕೆ ಬಿತ್ತು. ಬಿದ್ದದ್ದನ್ನು ಎತ್ತಿಕೊಳ್ಳಲಿಲ್ಲ. ಬರಿಗೈಯನ್ನು ಅವಳ ಹೆಗಲ ಮೇಲಿಟ್ಟೆ. ಮೂವತ್ತು ವರ್ಷ ಬರೀ ಹೊದಿಸಿದ ಕೈ. ಬದುಕಿರುವವರಿಂದ ತೆಗೆಯುವುದು ಅದಕ್ಕೆ ಗೊತ್ತಿರಲಿಲ್ಲ. ಎಲ್ಲಕ್ಕಿಂತ ಮೇಲಿದ್ದ ಅಡುಗೆಯ ಕೆಂಪು ಶಾಲನ್ನು ಎಳೆದು ತೆಗೆದೆ.

ಸಭೆ ಹೌಹಾರಿತು. "ಅಯ್ಯೋ, ಪಾಪ ಪಾಪ!" ಎಂದು ಯಾವುದೋ ಮುದುಕಿ ಕೆನ್ನೆ ಬಡಿದುಕೊಂಡಳು. ನಾನು ಆ ಶಾಲನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದು, ಜನರ ಕಡೆ ತಿರುಗಿ, ನನಗೆ ಗೊತ್ತಿದ್ದ ಒಂದೇ ವಿಧಿಯನ್ನು ಮಾಡಿದೆ.

"ಹಬ್ಬದ ಅಡುಗೆ. ಯಾರಿದ್ದೀರಿ? ಯಾರಿದ್ದೀರಿ? ಯಾರಿದ್ದೀರಿ?"

ಮೌನ. ಕಾಲ್ಬೆರಳುಗಳು. ಕುಲಾವಿಗಳು. ಆಮೇಲೆ ಒಂದು ದನಿ ಬಂತು.

"ನಾನಿದ್ದೇನೆ."

ಹೇಳಿದವಳು ದೀಪದಕ್ಕ. ಆಗತಾನೇ ಅವಳ ಮೈಯಿಂದ ಇಳಿದ ಶಾಲಿಗೆ ಅವಳೇ ಓಗೊಟ್ಟಿದ್ದಳು. ನಾನು ತಿರುಗಿ ನೋಡಿದರೆ, ತಾನೇ ಹೇಳಿದ್ದು ಕೇಳಿ ಅವಳೇ ಬೆಚ್ಚಿಬಿದ್ದಿದ್ದಳು. ಅವಳ ಬಾಯಿಗೆ ಅದು ಅಷ್ಟು ರೂಢಿಯಾಗಿಹೋಗಿತ್ತು. ಅಲ್ಲಿಯವರೆಗೆ ಅವಳ ಮೇಲೆ ನನಗಿದ್ದದ್ದು ಮರುಕ, ಆ ಕ್ಷಣದಿಂದ ನನ್ನ ಮೇಲೆ ನನಗೆ ಹೇಸಿಗೆ.

ಸಭೆ ಎಂದಿನಂತೆ ಉಸಿರು ಬಿಡಲು ಸಿದ್ಧವಾಯಿತು. ದೊಡ್ಡ ಹಿರಿಯರು, "ಸ್ತೋತ್ರ! ನೋಡಿದ್ರಾ, ಅವಳೇ ಒಪ್ಪಿದ್ಲು. ಹೊದಿಸು," ಎಂದರು.

"ನನಗೆ ಕೇಳಿಸಲಿಲ್ಲ," ಎಂದೆ.

"ಊರಿಗೆಲ್ಲ ಕೇಳಿಸಿತಲ್ಲಯ್ಯ!"

"ಹೊದಿಸೋನು ನಾನು. ನನಗೆ ಕೇಳಿಸಬೇಕು. ಕೇಳಿಸಲಿಲ್ಲ."

ಮತ್ತೆ ಮೂರು ಸಲ ಕೂಗಿದೆ. ಮತ್ತೆ ಅವಳ ತುಟಿ ಅಲುಗಿತು. ನಾನು ಜಾಣಕಿವುಡನಾದೆ. ನಾಲ್ಕನೇ ಸಲ ಕೂಗಿದಾಗ ಅವಳು ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು.

ಆಗ ಬಂದ ಮೌನ ಹಿಂದೆಂದೂ ನಮ್ಮ ಮನೆಯಲ್ಲಿ ಬಂದಿರಲಿಲ್ಲ. ಅದನ್ನು ಮುಗಿಸುವವಳು ಬಾಯಿ ಮುಚ್ಚಿಕೊಂಡಿದ್ದಳು. ಶಾಲು ಬಿಡಿಸಿದ ಮೇಲೆ ಅದು ಯಾರ ಹೆಗಲಿಗಾದರೂ ಏರದೆ ಸಭೆ ಏಳುವಂತಿಲ್ಲ, ಅದು ವಿಧಿ. ಬಿಸಿಲು ಕಿಟಕಿಯಿಂದ ಕಿಟಕಿಗೆ ಸರಿಯಿತು. ಮಕ್ಕಳು ಹಸಿವೆಂದು ಅತ್ತವು. ನನ್ನ ತೋಳು ಸೋತು ಶಾಲು ಜಗ್ಗಿತು. ಒಬ್ಬರು ಕೆಮ್ಮಿದರೆ ಇಡೀ ಸಭೆ ಆಸೆಯಿಂದ ಅವರ ಕಡೆ ತಿರುಗುತ್ತಿತ್ತು. ಅವರು ಕೆಮ್ಮಿದ್ದಕ್ಕೆ ಪಶ್ಚಾತ್ತಾಪಪಟ್ಟವರಂತೆ ಕುಗ್ಗುತ್ತಿದ್ದರು. ಇಷ್ಟು ಕಾಲ ದೀಪದಕ್ಕ ಒಬ್ಬಳೇ ಅನುಭವಿಸಿದ್ದ ಸಂಕಟ ಈಗ ಎಲ್ಲರ ಬೆಂಚಿಗೂ ಬಂದು ಕೂತಿತ್ತು.

ಮಧ್ಯಾಹ್ನ ತಿರುಗಿದ ಮೇಲೆ ಕೊನೆಯ ಬೆಂಚಿನಿಂದ ಮೀನಿನವಳು ಎದ್ದಳು. ಹೊಳೆಮೀನು ಮಾರಿ, ಬುಟ್ಟಿ ಬಾಗಿಲಲ್ಲಿಟ್ಟು ಸಭೆಗೆ ಬರುವವಳು. ವಾಸನೆ ಎಂದು ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಅವಳ ಹೆಗಲ ಮೇಲೆ ಒಂದು ಚಿಂದಿಯೂ ಇರಲಿಲ್ಲ. ನಡುಗುತ್ತಾ ನಡುದಾರಿಯಲ್ಲಿ ನಡೆದು ಬಂದು, ಶಾಲಿನ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು.

"ಇದು ಎಷ್ಟು ಜನದ ಅಡ್ಗೆ?"

ಈ ಪ್ರಶ್ನೆಯನ್ನು ಯಾರೂ ಇದುವರೆಗೆ ಕೇಳಿರಲಿಲ್ಲ. ದೀಪದಕ್ಕ ಕೈ ಕೆಳಗಿಳಿಸಿ, "ಮುನ್ನೂರು," ಎಂದಳು.

"ವರ್ಷಕ್ಕೆ ಎಷ್ಟು ಸಲ?"

"ಆರು ಹಬ್ಬ."

"ನಾನು ಎರಡು ಹಬ್ಬ ಮಾಡ್ತೀನಿ. ಸಂತೆ ದಿನ ಬಿದ್ರೆ ಇಲ್ಲ. ಸೌದೆ ಒಡೆಯೋಕೆ ಇಬ್ರು ಗಂಡಸ್ರು ಬೇಕು. ವರ್ಷ ತುಂಬಿದ ದಿನ ನೀವು ಇದನ್ನ ವಾಪಸ್ ಇಸ್ಕೋಬೇಕು. ಹೂಂ ಅಂದ್ರೆ ಹೊದಿಸಿ, ಇಲ್ಲಾಂದ್ರೆ ನಂಗೆ ಮನೇಲಿ ಕೆಲ್ಸ ಇದೆ."

ದೊಡ್ಡ ಹಿರಿಯರು ಎದ್ದೇಬಿಟ್ಟರು. "ಏನಮ್ಮಾ, ದೇವರ ಹತ್ತಿರ ಚೌಕಾಸಿಯಾ?"

"ದೇವ್ರ ಹತ್ರ ಯಾಕೆ ಮಾಡ್ಲಿ ಯಜಮಾನ್ರೇ? ನಿಮ್ ಹತ್ರ ಮಾಡ್ತಿದೀನಿ."

ನಾನು ಪಾಲಕರ ಕಡೆ ನೋಡಿದೆ. ಅವರು ನೆಲದ ಮೇಲೆ ಬಿದ್ದಿದ್ದ ಜರಿಯ ಶಾಲನ್ನೇ ನೋಡುತ್ತಾ ಬಹಳ ಹೊತ್ತು ಕೂತಿದ್ದರು. ಆಮೇಲೆ ತಲೆಯೆತ್ತದೆಯೇ, "ಆಗಲಿ," ಎಂದರು. ಹೊದಿಸಿದೆ. ಮೀನಿನವಳು ಶಾಲನ್ನು ಎದೆಯ ಮೇಲೆ ಎಳೆದುಕೊಂಡು, "ಅಬ್ಬಾ, ಬೆಚ್ಚಗಿದೆ," ಎಂದಳು. ಹನ್ನೆರಡು ವರ್ಷದಿಂದ ಅವಳು ಆ ಬೆಂಚಿನಲ್ಲಿ ಕೂತು ನಡುಗಿದ್ದಳಂತೆ. "ನೀವು ಯಾವತ್ತೂ ನಮ್ ಕಡೆ ಮುಖ ಮಾಡಿ ಕೂಗಿದ್ದಿಲ್ವಲ್ಲಾ ಅಣ್ಣಾ," ಎಂದಳು.

ಆಮೇಲೆ ಒಂದೊಂದಾಗಿ ತೆಗೆದೆ. ಬಿಳಿಯದನ್ನು ಹಿಂದಿನ ಬೆಂಚಿನ ಇಬ್ಬರು ಪಾಳಿಯ ಮೇಲೆ ತೆಗೆದುಕೊಂಡರು. ನೀಲಿಯನ್ನು ತೆಗೆದುಕೊಳ್ಳಲು ಬಂದ ಮುದುಕನೊಬ್ಬ, ಯಾರ ಯಾರ ಜಗಳ ಎಂದು ಮೊದಲು ಹೆಸರು ಕೇಳಿ, ಎರಡು ಮನೆ ಬಿಟ್ಟು ಉಳಿದದ್ದಕ್ಕೆ ಒಪ್ಪಿದ. ಐದು ಶಾಲುಗಳಿಗೆ ಯಾರೂ ಬರಲಿಲ್ಲ. ಅವನ್ನು ಮಡಚಿ ಪೆಟ್ಟಿಗೆಗೆ ಹಾಕಿದೆ. ವಿಧಿ ಮುರಿಯಿತು, ಸೂರೇನೂ ಮುರಿಯಲಿಲ್ಲ.

ಕೊನೆಗೆ ಉಳಿದದ್ದು ಹಳದಿ. ಬೆವರಿಗೆ ಬಣ್ಣ ಹೋಗಿ ಬೂದಿಯಂತಾಗಿತ್ತು. ಅದನ್ನು ಅವಳು ಇಟ್ಟುಕೊಳ್ಳುತ್ತಾಳೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವಳು ತಾನೇ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಬಟ್ಟೆಯ ಗಂಟಿದ್ದ ಜಾಗದಲ್ಲಿ ಈಗ ಒಬ್ಬ ಸಣಕಲು ಹೆಂಗಸು ನಿಂತಿದ್ದಳು. ಅವಳ ಹೆಗಲಿನಲ್ಲಿ ನೊಗದ ಕೆಳಗಿನ ಹಾಗೆ ಕಂದಿದ ಗುರುತು. ಸಭೆಯಲ್ಲಿ ಅರ್ಧ ಜನ ಅವಳ ಕೊರಳನ್ನೇ ಮೊದಲ ಸಲ ನೋಡಿದ್ದು. ಅವಳು ಯಾರಿಗೂ ಏನೂ ಹೇಳದೆ ನಡುದಾರಿಯಲ್ಲಿ ನಡೆದು ಹೊರಗೆ ಹೋದಳು. ಬಾಗಿಲಲ್ಲಿ ಒಂದು ಗಳಿಗೆ ನಿಂತು, ಉದ್ದಕ್ಕೆ ಉಸಿರೆಳೆದುಕೊಂಡದ್ದು ಮುಂದಿನ ಬೆಂಚಿನ ತನಕ ಕೇಳಿಸಿತು.

ಮರುವಾರ ಅವಳು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ದಣಿದಿದ್ದಾಳೆ, ಬರುತ್ತಾಳೆ ಎಂದೆವು. ಹಳದಿ ಶಾಲನ್ನು ನಾನು ಯಾರ ಮುಂದೂ ಕೂಗಲಿಲ್ಲ, ಅದು ಅವಳದಲ್ಲವೇ. ದೀಪಗಳು ಎಣ್ಣೆಯಿಲ್ಲದೆ ಆರಿದವು. ಮೋಡ ಕವಿದ ದಿನಗಳಲ್ಲಿ ಪುಸ್ತಕ ಕಾಣದೆ, ಬಾಯಿಪಾಠ ಬರುವ ಎರಡೇ ಹಾಡನ್ನು ಹಾಡಿದ್ದನ್ನೇ ಹಾಡಿದೆವು. ಜನ ನನ್ನನ್ನು ನೋಡಿ ಮುಖ ತಿರುಗಿಸಿದರು. ಒಳಗೊಳಗೇ ನಾನೂ ಹೆದರಿದ್ದೆ: ಅವಳನ್ನು ಉಳಿಸಿದೆನೋ, ಮನೆಯಿಂದಲೇ ಓಡಿಸಿದೆನೋ?

ಏಳನೇ ವಾರ ಪಾಲಕರು ಕರೆದರು. "ಒಂದೇ ಶಾಲು, ಶಾಲಣ್ಣಾ. ಅವಳು ಆಸೆಪಟ್ಟು ಹೊದ್ದದ್ದು. ಬೇರೆ ಯಾವುದನ್ನೂ ಕೇಳಬೇಡ. ಹೋಗಿ ಅದೊಂದನ್ನು ಕೇಳಿ ಬಾ."

ಅದರಲ್ಲಿ ತಪ್ಪೇನಿದೆ? ಶಾಲನ್ನು ಒಗೆದು, ನೆರಳಿನಲ್ಲಿ ಒಣಗಿಸಿ, ಮಡಚಿ, ಕಂಕುಳಲ್ಲಿಟ್ಟುಕೊಂಡು ಹೊರಟೆ. ದಾರಿಯುದ್ದಕ್ಕೂ ಮಾತನ್ನು ಬಾಯಲ್ಲಿ ತಿರುವಿಹಾಕಿದೆ. ಅಕ್ಕಾ, ದೀಪವೊಂದೇ. ಅಕ್ಕಾ, ವಾರಕ್ಕೊಂದು ದಿನ. ಅಕ್ಕಾ, ನೀವು ಹೇಳಿದ ಷರತ್ತಿಗೆ.

ಹೊಳೆಯ ಹತ್ತಿರ ಸಿಕ್ಕಳು. ಬಂಡೆಯ ಮೇಲೆ ಕೂತು, ಕಾಲನ್ನು ನೀರಿಗೆ ಇಳಿಬಿಟ್ಟು, ಕೂದಲು ಹರಡಿಕೊಂಡು ಒಣಗಿಸುತ್ತಿದ್ದಳು. ಬೇರೇನೂ ಮಾಡುತ್ತಿರಲಿಲ್ಲ. ಮುಖ ಸ್ವಲ್ಪ ತುಂಬಿಕೊಂಡಿತ್ತು. ನನ್ನನ್ನು ನೋಡಿದಳು, ಕಂಕುಳನ್ನು ನೋಡಿದಳು. ಆ ತುಂಬಿದ ಮುಖದಿಂದ ರಕ್ತ ಇಳಿದುಹೋಗುವುದನ್ನು ನಾನು ಕಣ್ಣಾರೆ ಕಂಡೆ.

"ಅಕ್ಕಾ..." ಎಂದೆ.

"ಕೇಳ್ಬೇಡಿ ಅಣ್ಣಾ." ಅವಳ ದನಿ ಬಹಳ ಸಣ್ಣದಾಗಿತ್ತು. "ನಿಮ್ಮ ಕಾಲಿಗೆ ಬೀಳ್ತೀನಿ, ಕೇಳ್ಬೇಡಿ. ನೀವು ಕೇಳಿದ್ರೆ ನಾನು ಹೂಂ ಅಂದ್ಬಿಡ್ತೀನಿ."

ಮಾತು ನಾಲಗೆಯ ತುದಿಯಲ್ಲಿತ್ತು. ಕೇಳಿದರೆ ಸಾಕು, ಸಂಜೆಗೆ ದೀಪ ಉರಿಯುತ್ತಿತ್ತು, ಊರು ನನ್ನನ್ನು ಕ್ಷಮಿಸುತ್ತಿತ್ತು. ಪಕ್ಕದ ಬಂಡೆಯ ಮೇಲೆ ಕೂತೆ. ಎದ್ದೆ. ಮತ್ತೆ ಕೂತೆ. ಹೊಳೆ ಹರಿಯುತ್ತಿತ್ತು. ಅವಳು ಉಸಿರು ಬಿಗಿಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ನೀರು ತಣ್ಣಗಿದೆಯಾ ಅಕ್ಕಾ?" ಎಂದು ಕೇಳಿದೆ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಹೂಂ," ಎಂದಳು. "ತುಂಬಾ ತಣ್ಣಗಿದೆ."

ನಾನು ಶಾಲನ್ನು ಕಂಕುಳಲ್ಲೇ ಇಟ್ಟುಕೊಂಡು ಎದ್ದು ಬಂದೆ.